ಒತ್ತು

ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ
ಮೂವತ್ತೊಂದು ಡಬ್ಬಿ, ಎಲ್ಲಕ್ಕೂ ಒಂದೇ ಮುಖ.
ಹಳೆಯವಕ್ಕೆ ಹೆಸರು ಬೇಕಿರಲಿಲ್ಲ:
ತಗ್ಗು ಬಿದ್ದದ್ದು ತೊಗರಿ,
ಮುಚ್ಚಳ ಸಡಿಲಾದದ್ದು ರವೆ,
ನೆಲಕ್ಕೆ ಬಡಿದು ಬಾಯಿ ಸೊಟ್ಟಗಾದದ್ದು ಸಾಸಿವೆ.
ಸೊಸೆ ಮುಗ್ಧಾ ದೀಪಾವಳಿಗೆ
ಅವನ್ನೆಲ್ಲ ಭಂಗಾರವಾಲಾನಿಗೆ ತೂಗಿ ಕೊಟ್ಟಳು.

ಏಕಾದಶಿಯ ದಿನ
ಭಗರ್ ಅಂತ ರವೆ ಬೆಂದಿತು.
ಎರಡು ತುತ್ತು ಒಳಗೆ ಹೋದ ಮೇಲೆ ಗೊತ್ತಾಗಿ
ಚಂಪಾ ಉಪವಾಸ ಅಲ್ಲೇ ಬಿಟ್ಟು
ಭಜಿ ಕರಿಯಲು ಎದ್ದಳು.

'ಲೇಬಲ್ ಮಷೀನ್ ತನ್ನಿ ಬಾಬಾ,
ಸಾವಿರದ ಮೇಲೆ ಮಾತ್ರ ಹೋಗಬೇಡಿ.'

ನನಗೇ ಹೇಳಬೇಕೆ?
ಫೋರ್ಟಿನ ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ
ಕನ್ನಡದ ಮೊಳೆ ಜೋಡಿಸಿದವನು.
ಲಗ್ನಪತ್ರಿಕೆ, ಸಂಘದ ಜಮಾಖರ್ಚು, ವೈಕುಂಠ ಸಮಾರಾಧನೆ,
ಎಲ್ಲವನ್ನೂ ಕನ್ನಡಿಯೊಳಗಿನಂತೆ ಉಲ್ಟಾ ಓದಿದವನು.
ಕಿಸೆಯಲ್ಲಿ ಪಟ್ಟಿ, ಪಟ್ಟಿಯಲ್ಲಿ ಮೂವತ್ತೊಂದು ಹೆಸರು.
ಸಿಎಸ್‌ಟಿಯಲ್ಲಿ ಇಳಿದು
ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ನಡೆದೆ.

ಮುಫದ್ದಲ್ ಸೇಠನ ಅಂಗಡಿ ಅಗಲ ನಾಲ್ಕು ಮೊಳ.
ಗಾಜಿನ ಮೇಲೆ ಮೂರು ಇಟ್ಟ.

ಮೊದಲನೆಯದು ಚಕ್ರ ತಿರುಗಿಸಿ ಹಿಡಿ ಒತ್ತುವಂಥದ್ದು.
ಶಾಯಿ ಬೇಡ, ಸೆಲ್ ಬೇಡ, ನಾನ್ನೂರೈವತ್ತು.
ಕಟಕ್ ಕಟಕ್ ಅಂದಾಗ ಎದೆ ಹಿಗ್ಗಿತು ನಿಜ,
ಆದರೆ ಚಕ್ರದ ತುಂಬ ಬರೀ ಎ ಬಿ ಸಿ.
ಮೆಂತ್ಯಕ್ಕೆ ಇಂಗ್ಲಿಷ್ ಹೊದಿಸಿ
ಚಂಪಾಳ ಮುಂದಿಡುವ ಧೈರ್ಯ ನನಗಿಲ್ಲ.

ಎರಡನೆಯದಕ್ಕೆ ಗುಂಡಿಗಳ ಸಾಲು, ಪುಟ್ಟ ಕಿಟಕಿ.
ಮಷೀನು ಅಗ್ಗ, ಟೇಪು ದುಬಾರಿ.
ಹೆಸರೊಂದಕ್ಕೆ ಹಿಂದೆ ಮುಂದೆ ಬೆರಳುದ್ದ ಖಾಲಿ ಉಗುಳುತ್ತದೆ.
ಆಕಳು ಪುಕ್ಕಟೆ, ಹಿಂಡಿಗೆ ಮನೆ ಮಾರಬೇಕು.

ಮೂರನೆಯದು ಸಾಬೂನಿನಷ್ಟು, ಬಿಳಿ.
ಶಾಯಿಯಿಲ್ಲ, ಕಾಗದಕ್ಕೆ ಕಾವು ತಾಗಿಸಿ ಬರೆಯುತ್ತದೆ.
ಫೋನಿನಲ್ಲಿ ಯಾವ ಭಾಷೆ ಬರುತ್ತೋ ಅದೇ ಭಾಷೆ.
ಒಂಬೈನೂರ ಎಂಬತ್ತು.
'ಮದ್ರಾಸಿ ಭೀ ಆಯೇಗಾ,' ಅಂದ ಸೇಠ.
ಕನ್ನಡ, ಎಂದು ತಿದ್ದಿದೆ.
'ವಹೀ, ವಹೀ.'

ಪಟ್ಟಿಯ ಮೊದಲ ಹೆಸರು ಕುಟ್ಟಿದೆ: ಅಕ್ಕಿ.
ಜೀರುಂಡೆಯ ಸದ್ದು ಮಾಡುತ್ತ ನಾಲಿಗೆ ಹೊರಬಂತು.
ಟೇಪು ಹನ್ನೆರಡೇ ಮಿಲಿಮೀಟರು,
ಒತ್ತು ಅಂಚಿನಾಚೆ ಉಳಿದು
ಕಾಗದದ ಮೇಲೆ ಬರೀ
ಅಕಿ.

ಸೀಸದ ಕಾಲದಲ್ಲಿಯೂ ಮೊದಲು ಮುರಿಯುತ್ತಿದ್ದದ್ದು ಒತ್ತೇ.
ಎಷ್ಟು ಪುತ್ರರು ಪುತರಾಗಿ
ನನ್ನ ದಿನಗೂಲಿಯಲ್ಲಿ ಕಡಿತವಾಗಿಲ್ಲ!

'ಅಗಲದ ಟೇಪು ತೋರಿಸು ಸೇಠ.'
ಹದಿನೈದರದ್ದು ಇತ್ತು, ರೋಲಿಗೆ ತೊಂಬತ್ತು.
ಲೆಕ್ಕ ಸಾವಿರ ದಾಟಿತು.
ಎಪ್ಪತ್ತು ರೂಪಾಯಿ ಮುಗ್ಧಾಗೆ ಹೇಳಲಿಲ್ಲ,
ನೀವೂ ಹೇಳಬೇಡಿ.

ರಾತ್ರಿ ಮೂವತ್ತೊಂದಕ್ಕೂ ಹೆಸರಿಟ್ಟೆವು.
ತೊಗರಿಯ ಕೆಳಗೆ ತೂರ್ ಎಂದು ಇನ್ನೊಂದು ಸಾಲು ಮುಗ್ಧಾಳದು,
ಜೀರಿಗೆ, ಜಿರೇ. ಸಾಸಿವೆ, ಮೋಹರಿ.
ಬೆಲ್ಲಕ್ಕೆ ಗೂಳ್ ಎಂದಾಗ ಚಂಪಾ
'ಗೂಳಿ ಸಾಕೀರೇನು ಡಬ್ಬ್ಯಾಗ?' ಎಂದಳು.

ಆಮೇಲೆ ನನ್ನ ಅಂಗಿ ಒಗೆಯಲು ಹಾಕುವಾಗ
ಕಿಸೆಯಿಂದ ಆ ತುಂಡು ಚೀಟಿ ಸಿಕ್ಕಿತು.
ಬೆಳಕಿಗೆ ಹಿಡಿದು ಓದಿದಳು.
'ಅಕಿ? ಯಾವಾಕಿ?
ಮುದುಕ ಆದ ಮ್ಯಾಲೆ ಯಾವಾಕಿ ಹೆಸರು
ಕಿಸೇದಾಗ ಇಟ್ಕೊಂಡು ಅಡ್ಡಾಡ್ತೀರಿ?'

ಒತ್ತಿನ ಕಥೆ ಹೇಳಿದೆ. ನಂಬಿದಳೋ ಇಲ್ಲವೋ.
ಹಿಂದಿನ ಹಾಳೆ ಸುಲಿದು
ಫ್ರಿಜ್ಜಿನ ಮೇಲಿನ ತನ್ನ ಕನ್ನಡಕದ ಪೆಟ್ಟಿಗೆಗೆ
ಸೊಟ್ಟಗೆ ಅಂಟಿಸಿದಳು.

ಬಿಸಿಗೆ ಬರುವ ಅಕ್ಷರ ಬಿಸಿಗೇ ಹೋಗುತ್ತದೆ,
ಸೇಠ ಇದನ್ನು ಹೇಳಿರಲಿಲ್ಲ.
ಮೇ ಹೊತ್ತಿಗೆ ಒಲೆಯ ಪಕ್ಕದ ಉದ್ದು ಬೂದಿಯಾಯಿತು,
ಇಂಗು ಪೂರ್ತಿ ಅಳಿಸಿತು.
ಪರವಾಗಿಲ್ಲ, ಅದರ ವಾಸನೆಯೇ ಅದರ ಹೆಸರು.

ಅಕಿ ಮಾತ್ರ ಇನ್ನೂ ಕಪ್ಪಗಿದೆ.
ಫ್ರಿಜ್ಜಿನ ಮೇಲೆ ಅಷ್ಟು ಕಾವು ಇರುವುದಿಲ್ಲ.