ಏಳನೆಯ ಹಿಡಿ

ದಾವಣಗೆರೆಯ ಮೆಕ್ಕೆಜೋಳದ ಯಾರ್ಡಿನಲ್ಲಿ ರಾತ್ರಿ ಒಂಬತ್ತೂಕಾಲಿಗೆ
ಅಜ್ಜಯ್ಯ ಒಂದು ಕಡತ ಅಳಿಸಿಬಿಟ್ಟ.
ಹೆಸರಿಗೆ ಅಜ್ಜಯ್ಯ, ವಯಸ್ಸು ಹತ್ತೊಂಬತ್ತು.
"ಹಳೇದು ಅಂದ್ಕಂಡೆ ಮೇಡಂ."
ಹಳೆಯದಲ್ಲ, ಇವತ್ತಿನ ತೂಕ:
ಚೀಲಕ್ಕೊಂದು ಸಾಲು, ಸಾಲಿಗೊಬ್ಬ ಹಮಾಲ.

ಆರಿಸಿ ಹಚ್ಚಿರಿ, ಎಲ್ಲ ಸರಿಹೋಗುತ್ತೆ, ಅಂದರು ರುದ್ರಮುನಿ.
ನಾನು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ.

ಕರೆಂಟು ಹೋಗಿತ್ತು. ಯುಪಿಎಸ್ ಬಿಟ್ಟು ಬಿಟ್ಟು ಕೂಗುತ್ತಿತ್ತು.
ತೂಕದ ಪ್ರೋಗ್ರಾಮು ಮಾತ್ರ, ಏನೂ ಆಗದವರ ಹಾಗೆ, ಓಡುತ್ತಿತ್ತು,
ನಂಬರು ಎರಡು ಸಾವಿರದ ಮುನ್ನೂರ ಹದಿನಾರು.

ಯುನಿಕ್ಸಿನಲ್ಲಿ ಓಡುವ ಪ್ರತಿಯೊಂದಕ್ಕೂ ಒಂದು ಕೋಣೆ.
ಬಾಗಿಲು ತಳ್ಳಿದರೆ ಅದರ ಕೈಯಲ್ಲಿ ಏನೇನಿದೆ ಕಾಣುತ್ತದೆ.
ಸೊನ್ನೆ, ಒಂದು, ಎರಡು ಹುಟ್ಟಿನಿಂದ ಬಂದವು:
ಕೇಳುವ ಕಿವಿ, ಹೇಳುವ ಬಾಯಿ,
ಗೊಣಗುವುದಕ್ಕೇ ಬೇರೊಂದು ಬಾಯಿ.
ಮೂರು, ತಕ್ಕಡಿಯ ತಂತಿ. ನಾಲ್ಕು, ಪ್ರಿಂಟರು.
ಐದು, ಆರು, ಗೋಡೆಯಾಚೆ ಯಾರೋ.
ಏಳು:
ಇವತ್ತಿನ ಕಡತ. ಪಕ್ಕದಲ್ಲಿ ಸಣ್ಣಗೆ, ಅಳಿಸಲಾಗಿದೆ.

ಅಳಿಸಿದ್ದು ಹೆಸರನ್ನಷ್ಟೇ.
ಹಿಡಿದವರು ಬಿಡುವ ತನಕ ಕಾಳು ಹಿಡಿಯಲ್ಲೇ ಇರುತ್ತದೆ.
ಏಳು, ಅಂದೆ.
ಅಂಕಿ ಓದಿದೆನೋ, ಎಬ್ಬಿಸಿದೆನೋ.
ಬೇರೆ ಹೆಸರಿಟ್ಟು ಪೆನ್‌ಡ್ರೈವಿಗೆ ನಕಲು ತೆಗೆದು
ಕಿತ್ತು ಕಿಸೆಗೆ ಹಾಕಿಕೊಂಡೆ.

ಆರುನೂರ ಹನ್ನೆರಡು ಸಾಲು.

ಬಾಗಿಲಲ್ಲಿ ಬುಡೇನ್ ಸಾಬ್, ಹೆಗಲಿಗೆ ಟವೆಲು, ಸೊಂಟಕ್ಕೆ ಕೊಕ್ಕೆ.
"ಆರ್ನೂರಾ ಹದಿನಾರು."
"ಮಿಷನ್ನು ಹನ್ನೆರಡು ಅಂತೈತಲ್ಲ?"
"ಮಿಷನ್ನು ಹೊತ್ತಿಲ್ಲವ್ವ."

ಯಂತ್ರ ಸೊನ್ನೆಯಿಂದ ಎಣಿಸುತ್ತದೆ,
ಬುಡೇನ್ ಸಾಬ್ ಲಾಭದಿಂದ: ಲಾಭ, ಎರಡು, ಮೂರು.
ಇಬ್ಬರ ನಡುವೆ ಒಂದು ತಪ್ಪೀತು. ನಾಲ್ಕು ತಪ್ಪಲಾರದು.

ಮತ್ತೆ ಒಳಗೆ ಹೋದೆ, ಈ ಸಲ ಕೈ ಬಿಟ್ಟು ಹೊಟ್ಟೆಗೆ.
ಉದ್ದಕ್ಕೂ ವಿಳಾಸಗಳು, ಒಂದೊಂದರ ಮುಂದೆ ಅಪ್ಪಣೆ:
ಇಲ್ಲಿ ಓದಬಹುದು, ಇಲ್ಲಿ ಬರೆಯಬಹುದು,
ಇಲ್ಲಿ ಏನನ್ನೂ ಮುಟ್ಟಬೇಡ.
ಹೀಪ್ ಅನ್ನುತ್ತಾರೆ, ಸ್ಟ್ಯಾಕ್ ಅನ್ನುತ್ತಾರೆ.
ಕಿಟಕಿಯಾಚೆ ಅವೇ, ರಾಶಿ ಮತ್ತು ಅಟ್ಟಿ,
ತಾಡಪಾಲು ಹೊದ್ದು ಮಲಗಿದ್ದವು.

ಚೀಲ ಹರಿಯದೆ ಚುಚ್ಚಿ ಮಾಲು ನೋಡುವ ಕೊಳವೆಯ ಹಾಗೆ
ರಾಶಿಗೆ ಇಳಿಸಿದೆ.
ಹೊಟ್ಟು, ಸೊನ್ನೆ, ಹೊಟ್ಟು, ಹೊಟ್ಟು,
ಆಮೇಲೆ
ಬುಡೇನ್ ೫೯.೮
ಬುಡೇನ್ ೬೦.೧
ಇನ್ನೆರಡು, ಅವೂ ಅವನವೇ.
ಬರೆಯಲೆಂದು ಎತ್ತಿಕೊಂಡು ಇನ್ನೂ ಬರೆಯದೆ
ಬಾಯಲ್ಲೇ ಉಳಿದ ತುತ್ತು.

ಯುಪಿಎಸ್ಸಿನ ಕೂಗು ಒಂದೇ ಸಮನಾಯಿತು.
ರಸೀದಿಯ ಹಿಂಬದಿಗೆ, ಬಾಲ್‌ಪೆನ್ನಿನಲ್ಲಿ,
ಬಗ್ಗಿದ ಅಜ್ಜಯ್ಯನ ಬೆನ್ನ ಮೇಲಿಟ್ಟು ಬರೆದುಕೊಂಡೆ.
ಮೂರನೆಯ ಸಾಲಿಗೆ ಅವನು ಬಿಕ್ಕಿದ, ಅಕ್ಷರ ಜಾರಿತು.

ಪರದೆ ಕಪ್ಪಾಯಿತು.
ಎರಡು ಸಾವಿರದ ಮುನ್ನೂರ ಹದಿನಾರು
ಹಿಡಿದದ್ದನ್ನೆಲ್ಲ ಬಿಟ್ಟಿತು.

"ಲೆಕ್ಕ ಆತಾ?" ಕತ್ತಲಲ್ಲಿ ಬುಡೇನ್ ಸಾಬ್.
"ಆತು."
"ಎಷ್ಟು?" ಅಂದ,
ಗೊತ್ತಿದ್ದೂ.