ಬೇರೆಯವರದ್ದು

ಶುಕ್ರವಾರ ರಾತ್ರಿ ಹೊರಡಬೇಕು, ಇವತ್ತು ಮಂಗಳವಾರ.
ಸಫಾರಿ ಜೀಪಿನಲ್ಲಿ ಸೀಟು ಸಿಕ್ಕಿದೆ, ಹಿಂದಿನ ಸಾಲು, ಎಡಗಡೆ.
ಕ್ಯಾಮೆರಾ ಇದೆ, ಮೂರು ವರ್ಷದ ಚೀಟಿ ದುಡ್ಡಿನದು.
ಬ್ಯಾಟರಿ ಮಾತ್ರ ಒಂದೇ. ಕಾಡಿನ ಚಳಿಗೆ ಬೇಗ ಸಾಯುತ್ತದಂತೆ.

ರೆಸಿಡೆನ್ಸಿ ರೋಡಿನ ಶೋರೂಮಿನಲ್ಲಿ
ಕಂಪನಿಯ ಬ್ಯಾಟರಿಯನ್ನು ಗಾಜಿನ ಕಪಾಟಿನೊಳಗೆ
ಮಲಗಿಸಿದ್ದರು, ಬಾಣಂತಿ ಕೋಣೆಯ ಕೂಸಿನ ಹಾಗೆ.
ಆರು ಸಾವಿರದ ಎಂಟುನೂರು.
ಹುಡುಗ ಕೈಗವಸು ತೊಟ್ಟೇ ಎತ್ತಿ ತೋರಿಸಿದ.
ಓರೆ ಮಾಡಿದರೆ ಬಣ್ಣ ಬದಲಿಸುವ ಸ್ಟಿಕ್ಕರು.
"ಬೇರೆಯವರದ್ದು ಹಾಕಿದ್ರೆ ವಾರಂಟಿ ಹೋಗುತ್ತೆ ಮೇಡಂ"
ಅಂದ, ಮಡಿ ಮೈಲಿಗೆಯ ದನಿಯಲ್ಲಿ.
ಅವರ ತಣ್ಣನೆ ನೀರು ಕುಡಿದು ಹೊರಬಂದೆ.

ಎಸ್.ಪಿ. ರೋಡಿನಲ್ಲಿ ಅದೇ ಅಳತೆ, ಅದೇ ಪಿನ್ನು, ಒಂಬೈನೂರು.
ಅಂಗಡಿಯೆಂದರೆ ಎರಡು ಮೊಳ ಅಗಲ;
ಜಬೀವುಲ್ಲಾ ಸಾಹೇಬರು ಒಳಗೆ ಕೂತರೆ
ಗಿರಾಕಿ ಬೀದಿಯಲ್ಲೇ ನಿಲ್ಲಬೇಕು,
ಬೆನ್ನಿಗೆ ಕೈಗಾಡಿಯವನ ಬೈಗುಳ ತಾಗುತ್ತಿರಬೇಕು.
"ಡೂಪ್ಲಿಕೇಟಾ?" ಅಂದೆ.
ಕನ್ನಡಕ ಹಣೆಗೇರಿಸಿದರು.
"ಡೂಪ್ಲಿಕೇಟಂದ್ರೆ ಸುಳ್ಳು ಹೆಸರು ಹಾಕಿರೋದು.
ಇದರ ಮೇಲೆ ಇದರದೇ ಹೆಸರಿದೆ, ಓದಿ.
ಅಸಲಿ ಅಲ್ಲ, ನಕಲಿನೂ ಅಲ್ಲಮ್ಮ. ಬೇರೆಯವರದ್ದು."

ನಾನು ಹಲ್ಲು ಮಾಡುವವಳು ಎಂದು ಅವರಿಗೆ ಹೇಳಲಿಲ್ಲ.
ರಾಜಾಜಿನಗರದ ಲ್ಯಾಬಿನಲ್ಲಿ ಹದಿನೇಳು ವರ್ಷ
ಮೇಣ ಕರಗಿಸಿ, ಅಚ್ಚು ಹೊಯ್ದು, ಕೂದಲೆಳೆಯಷ್ಟು ತೀಡಿ
ಯಾರಾರದೋ ಬಾಯಿಗೆ ಕೂರಿಸುವುದು
ಎಲ್ಲ ಬೇರೆಯವರದ್ದೇ.
ಕಂಪನಿ ಯಾವುದೆಂದು ಇದುವರೆಗೆ ಒಬ್ಬ ಅಜ್ಜಿಯೂ ಕೇಳಿಲ್ಲ.
ಚಕ್ಕುಲಿ ಮುರಿಯುತ್ತದಾ? ಅಷ್ಟೇ.
ಆದರೆ ಇದೂ ಗೊತ್ತು ನನಗೆ:
ಎಳೆಯಷ್ಟು ಎತ್ತರವಾದರೂ
ಇಡೀ ದವಡೆ ರಾತ್ರಿಯೆಲ್ಲ ಎಚ್ಚರವಿರುತ್ತದೆ.

ಒಂಬೈನೂರು ಎಣಿಸಿದೆ. ರಸೀದಿ ಕೇಳಿದ್ದಕ್ಕೆ ನಕ್ಕು
ಅಗರಬತ್ತಿ ಪೊಟ್ಟಣದ ಹಿಂಬದಿಗೆ ಬರೆದುಕೊಟ್ಟರು:
ಆರು ತಿಂಗಳು. ಜಬೀ.

ಇನ್ನು ಲೆನ್ಸಿಗೊಂದು ದಿಂಬು, ಜೀಪಿನ ಕಂಬಿಯ ಮೇಲಿಡಲು.
ಕಂಪನಿಯದು ನಾಲ್ಕು ಸಾವಿರ, ಅದೂ ಖಾಲಿ;
ಕಾಳು ನಾವೇ ತುಂಬಿಕೊಳ್ಳಬೇಕು.
ಎದುರುಮನೆಯ ಲೂರ್ದಮ್ಮ ಗಂಡನ ಹಳೇ ಪ್ಯಾಂಟಿನ
ಒಂದು ಕಾಲು ಕತ್ತರಿಸಿ ಹೊಲಿದುಕೊಟ್ಟಳು,
ಹಿಂಜೇಬು ಬಿಚ್ಚಿ ಅದರ ಮೇಲೊಂದು ಹಚ್ಚಿದಳು, ಇರಲಿ ಎಂದು.
ಎರಡು ಸೇರು ರಾಗಿ ಹಿಡಿಯಿತು.
ಕಾಡು ನೋಡಿ ಬಂದ ಮೇಲೆ ಮುದ್ದೆಗಾಗುತ್ತದೆ.

ಗುರುವಾರ ಸಂಜೆ ತಾರಸಿಗೆ ಹತ್ತಿದೆ.
ಕಾಟನ್‌ಪೇಟೆಯ ಮಟನ್ ಅಂಗಡಿ ತೊಳೆಯುವ ಹೊತ್ತು,
ಹದ್ದುಗಳು ಸುತ್ತುಸುತ್ತಾಗಿ ಇಳಿಯುವ ಹೊತ್ತು.
ಹೊಸ ಬ್ಯಾಟರಿ ಹಾಕಿದರೆ ಪರದೆ ಕೇಳಿತು:
ಇದರ ಗುರುತಿಲ್ಲ. ಮುಂದುವರಿಯಲೇ?
ಹೌದು ಒತ್ತಿದೆ.
ನೂರು. ಇನ್ನೂರು. ಗೆರೆ ತುಂಬಿಯೇ ಇತ್ತು.
ಒಂದು ಹದ್ದು ಕರುಳಿನ ಎಳೆಯೊಂದನ್ನು ಕಾಲಲ್ಲಿ ಹಿಡಿದು
ಹಾರುತ್ತಲೇ ಬಗ್ಗಿ ಕಿತ್ತು ತಿನ್ನುತ್ತ
ತಟ್ಟನೆ ತಲೆಯೆತ್ತಿ ನನ್ನ ಕಡೆ
ಪರದೆ ಕಪ್ಪು.

ಮುನ್ಸೂಚನೆಯಿಲ್ಲ, ಕೆಂಪು ದೀಪವಿಲ್ಲ.
ಮುನ್ನೂರ ಹನ್ನೊಂದು ಸಲ ಕಚ್ಚಿ ಬಿದ್ದ ಹಲ್ಲು.
ಬೈಯಬೇಕೆನಿಸಿತು. ಸಾಹೇಬರು ಸುಳ್ಳೇನೂ ಹೇಳಿರಲಿಲ್ಲ.

ಶುಕ್ರವಾರ ಶೋರೂಮಿನ ಬಾಗಿಲಿಗೆ ಹೋದೆನಾ? ಹೋದೆ.
ತೆರೆಯುವುದು ಹತ್ತೂವರೆಗೆ.
ಲ್ಯಾಬಿನಲ್ಲೊಂದು ಮೇಲ್ದವಡೆ ಕಾಯುತ್ತಿತ್ತು,
ಭಾನುವಾರ ಮಗಳ ಧಾರೆಯಂತೆ ಆ ಬಾಯಿಗೆ.
ಹಿಂದಿರುಗಿದೆ.
ಅಚ್ಚುಗಳಿಗೆ ಹೆಸರು ಬರೆಯುವ ಬಿಳಿ ಟೇಪು ಹರಿದು
ಬ್ಯಾಟರಿಗೆ ಅಂಟಿಸಿ ಬರೆದೆ: ಮುನ್ನೂರಕ್ಕೆ ಬದಲಿಸು.

ಈಗ ಎರಡೂ ಒಂದೊಂದು ಕಾಲುಚೀಲದೊಳಗೆ,
ಲೂರ್ದಮ್ಮನ ಜೇಬಿನಲ್ಲಿ, ರಾಗಿಯ ಮೇಲೆ.
ಕತ್ತಲಲ್ಲಿ ತೂಕ ಒಂದೇ;
ಬೆರಳಿಗೆ ಟೇಪಿನ ಅಂಚು ಸಿಕ್ಕರೆ ಗೊತ್ತಾಗುತ್ತದೆ ಯಾರು ಎಂದು.

ಸ್ಯಾಟಲೈಟ್ ಸ್ಟ್ಯಾಂಡು. ಮೈಸೂರು ಬಸ್ಸು.
ಮಡಿಲ ಮೇಲೆ ಶಾಲು ಹೊದಿಸಿ ಇಟ್ಟುಕೊಂಡದ್ದನ್ನು ನೋಡಿ
ಪಕ್ಕದಾಕೆ ಸರಿದು ಜಾಗ ಬಿಟ್ಟಳು.
"ಎಷ್ಟು ತಿಂಗಳು?"
"ರಾಗಿ" ಅಂದೆ. "ಎರಡು ಸೇರು."