ಮೂವತ್ತನಾಲ್ಕು ಡಿಗ್ರಿ

ವಾಲ್ಪರೈಸೊದ ಗುಡ್ಡದ ಆಸ್ಪತ್ರೆಯಲ್ಲಿ
ಮಂಗಳವಾರ ಬೆನ್ನಿನ ದಿನ.
ಮಕ್ಕಳಿಗೆ ಪೆನ್ಸಿಲು ಹಂಚುವುದು ನನ್ನ ಕೆಲಸ,
ಆಮೇಲೆ ಅವರ ಉತ್ತರಗಳನ್ನು
ಒಂದೊಂದಾಗಿ ಕಂಪ್ಯೂಟರಿಗೆ ಉಣಿಸುವುದು.
ಎದುರಿಗೆ ಅಂಕಿ, ಒಂದರಿಂದ ಐದು.
ಸುತ್ತು ಹಾಕಿದರೆ ಸಾಕು, ಮಗು:
ಒಂದು ಅಂದರೆ ತಾಳಲಾರೆ,
ಐದು ಅಂದರೆ ಏನೂ ಇಲ್ಲ.

ರಾಯೆನ್‌ಗೆ ಹದಿನಾಲ್ಕು.
ಬಸ್ಸು ನಿಲ್ಲುವಲ್ಲಿಂದ ಮನೆಗೆ
ಇನ್ನೂರ ಹನ್ನೊಂದು ಮೆಟ್ಟಿಲು.
ಎಣಿಸಿದ್ದು ಅವಳೇ;
ಗ್ಯಾಸ್ ಸಿಲಿಂಡರ್ ಹೊತ್ತವರು ಎಣಿಸುತ್ತಾರೆ.
ಬೆನ್ನಿಗೆ ಬಿದ್ದ ತಮ್ಮ ಅನ್ನುತ್ತಾರಲ್ಲ,
ಇವಳ ತಮ್ಮ ನಿಜಕ್ಕೂ
ಬೆನ್ನ ಮೇಲೆಯೇ ನಡೆಯಲು ಕಲಿತವನು.
ನೋವಿನ ಪ್ರಶ್ನೆಗೆಲ್ಲ ಐದು. ಐದು. ಐದು.
ನೋಯುವುದೇ ಇಲ್ಲವಾ, ಎಂದೆ.
‘ನೋಯುತ್ತೆ. ಎಲ್ಲರಿಗೂ ನೋಯುವಷ್ಟು.’

ಅವಳ ಅಮ್ಮ ಬಂದರಿನ ಮೀನಿನ ಶೆಡ್ಡಿನಿಂದ ಬಂದು
ಒಳಗೆ ಕಾಲಿಡುವ ಮುನ್ನ
ಬಾಗಿಲಿಗೆ ಬೆನ್ನು ಕೊಟ್ಟು
ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾಳಂತೆ.
ಆ ಮನೆಯಲ್ಲಿ ಅದು ಸೊನ್ನೆ.
ಎಣಿಕೆ ಅಲ್ಲಿಂದ ಶುರು.

ಅಂತೋನೆಲ್ಲಾಳನ್ನು ನಾನು ಕಂಡಿಲ್ಲ.
ಅವಳ ಹಾಳೆ ರೆನ್ಯಾಕಾದ ಖಾಸಗಿ ಕ್ಲಿನಿಕ್ಕಿನಿಂದ
ದಪ್ಪ ಲಕೋಟೆಯಲ್ಲಿ ಬರುತ್ತದೆ.
ವಯಸ್ಸು ಅದೇ, ಬಾಗು ಅದೇ, ಮೂವತ್ತನಾಲ್ಕು.
ಎರಡು ಎಕ್ಸ್‌ರೇಗಳನ್ನು ಒಂದರ ಮೇಲೊಂದಿಟ್ಟು
ಕಿಟಕಿಗೆ ಹಿಡಿದೆ ಒಮ್ಮೆ:
ಗುಡ್ಡ ಹತ್ತುವ ಒಂದೇ ರಸ್ತೆ.
ಆದರೆ ಅವಳ ಸುತ್ತುಗಳೆಲ್ಲ ಎರಡರ ಮೇಲೆ,
ಕಾಗದ ಹರಿಯುವಷ್ಟು ಒತ್ತಿ.
ಅಂಚಿನಲ್ಲಿ ಸಣ್ಣಗೆ:
ಈಜುಡುಗೆ ತೊಟ್ಟು ಹನ್ನೊಂದು ತಿಂಗಳಾಯಿತು.

ನಕ್ಕೆ. ಆಮೇಲೆ ನಾಚಿದೆ.
ನೋವಿಗೂ ಕೇಳುವವರು ಬೇಕಲ್ಲ,
ಕೇಳುವ ಮನೆಯಲ್ಲಿ ಅದು ಬೇಗ ಮಾತು ಕಲಿಯುತ್ತದೆ;
ಕೇಳದ ಮನೆಯಲ್ಲಿ
ಅಡುಗೆಗೆ ಸೌದೆ ತರಲು ಹೋಗುತ್ತದೆ.

ಜೆಫ್ತೆ ಹೈಟಿಯ ಹುಡುಗ, ಹದಿನಾರು.
ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ದಾಟಿಸುವವನೂ ಅವನೇ.
ಡಾಕ್ಟರದು ಏಳು ವಾಕ್ಯ:
ರಾಡು, ತಿರುಪು, ಕಾಯುವ ಪಟ್ಟಿ, ಎರಡು ವರ್ಷ.
ಅವನದು ಮೂರು ಪದ.
ಅಮ್ಮ ದೇವರಿಗೆ ಕೈಮುಗಿದಳು,
ಅವನು ನೆಲ ನೋಡಿದ.
ದುಡ್ಡಿನ ತೊಂದರೆ ಇದೆಯೇ ಎಂಬಲ್ಲಿ ಪೆನ್ಸಿಲು ನಿಂತಿತು.
‘ಇದು ನನ್ನನ್ನು ಕೇಳುತ್ತಿರುವುದಾ, ಬೆನ್ನನ್ನಾ?’
ಖಾಲಿ ಬಿಡು ಅಂದೆ.
ಕಂಪ್ಯೂಟರು ಖಾಲಿಯನ್ನು ಒಪ್ಪುವುದಿಲ್ಲ;
ಒಂಬತ್ತು ಒತ್ತಬೇಕು.
ಒಂಬತ್ತು ಅಂದರೆ ಉತ್ತರವಿಲ್ಲ.

ಮೊದಲ ಪುಟವನ್ನು ಯಾರೂ ಸರಿಯಾಗಿ ಓದುವುದಿಲ್ಲ.
ಅಡ್ಡಹೆಸರು, ಬಡಾವಣೆ, ವಿಮೆಯ ಅಕ್ಷರ,
ತಾಯಿ ಎಷ್ಟನೆಯ ಕ್ಲಾಸಿನವರೆಗೆ.
ಇದಕ್ಕೆ ಹಿನ್ನೆಲೆ ಎಂದು ಹೆಸರು.
ಹಿಂದಿನ ನೆಲೆ. ಬೆನ್ನ ಹಿಂದೆ ಇದ್ದು
ಬೆನ್ನನ್ನು ನೂಕುವುದು,
ಕೆಲವೊಮ್ಮೆ ಆತು ಹಿಡಿಯುವುದು.
ಎಕ್ಸ್‌ರೇಯಲ್ಲಿ ಮಾತ್ರ ಬೀಳುವುದಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ
ರಾಯೆನ್ ಏದುಸಿರಿನಲ್ಲಿ ಮರಳಿ ಬಂದಳು.
ಅಮ್ಮ ಕೆಳಗೆ ಬಸ್ಸಿಗೆ ನಿಂತಿದ್ದಾಳೆ, ಬೇಗ ಹೋಗಬೇಕು,
ರಬ್ಬರ್ ಇದೆಯಾ?
ಹುಡುಕಿ ಕೊಟ್ಟೆ ಅವಳ ಹಾಳೆಯನ್ನೂ.
ರಾತ್ರಿ ನಿದ್ದೆಯ ಕುರಿತ ಪ್ರಶ್ನೆ, ಅದೊಂದೇ.
ಐದನ್ನು ಒರೆಸಿ ನಾಲ್ಕಕ್ಕೆ ಸುತ್ತು ಹಾಕಿದಳು,
ಒಮ್ಮೆ ಕಿಟಕಿಯ ಕಡೆ ನೋಡಿ,
ಕದ್ದವಳ ಹಾಗೆ.

ರಬ್ಬರಿನ ಪುಡಿ ಇನ್ನೂ ಮೇಜಿನ ಮೇಲಿದೆ.
ನಾಳೆ ಒರೆಸುತ್ತೇನೆ.